ಕಥೆ ಬೇಕಾ, ಜೊತೆ ಬೇಕಾ? ಬ್ರಿಟಿಷ್ ಮತ್ತು ಅಮೆರಿಕನ್ ಸೈ-ಫೈ ಸರಣಿಗಳಲ್ಲಿ ಆರಿಸಿಕೊಳ್ಳುವ ಬಗೆ

ಸೈ-ಫೈ, ಅಂದರೆ ವಿಜ್ಞಾನದ ಕಲ್ಪನೆಯ ಕಥೆಗಳನ್ನು ನೋಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಜಗಳ ಬಂದೇ ಬರುತ್ತದೆ. ಬ್ರಿಟಿಷರ ಹತ್ತಿರ ಐಡಿಯಾ ಇದೆ, ಅಮೆರಿಕನ್ನರ ಹತ್ತಿರ ಬರೀ ದುಡ್ಡು ಅಂತ ಒಬ್ಬರು. ರಟ್ಟಿನ ಡಬ್ಬಕ್ಕೆ ಬಣ್ಣ ಬಳಿದು ರೋಬೋಟ್ ಅನ್ನುವವರ ಹತ್ತಿರ ಏನು ವಾದ ಅಂತ ಇನ್ನೊಬ್ಬರು. ಅಂತರಿಕ್ಷದ ಹಡಗಿನ ಅಮೆರಿಕನ್ ಸರಣಿ ಸ್ಟಾರ್ ಟ್ರೆಕ್‌ನವರು ಒಂದು ಕಡೆ, ಬೇರೆ ಗ್ರಹದ 'ಡಾಕ್ಟರ್' ಒಬ್ಬ ಕಾಲದಲ್ಲಿ ಓಡಾಡುವ ಬ್ರಿಟಿಷ್ ಸರಣಿ ಡಾಕ್ಟರ್ ಹೂನವರು ಇನ್ನೊಂದು ಕಡೆ. ಕಾಫಿ ಆರಿಹೋದರೂ ವಾದ ಆರುವುದಿಲ್ಲ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಒಂದು ಒಳ್ಳೆಯ ಕಥೆ, ಅದಕ್ಕೊಂದು ಕೊನೆ ಬೇಕಾದರೆ ಬ್ರಿಟನ್ನಿನದನ್ನು ಹಿಡಿಯಿರಿ. ತಿಂಗಳುಗಟ್ಟಲೆ ಜೊತೆಗಿರುವ ಜನ ಬೇಕು, ದಿನಾ ರಾತ್ರಿ ಹೋಗಿ ಕೂರುವ ಒಂದು ಲೋಕ ಬೇಕು ಅಂದರೆ ಅಮೆರಿಕದ್ದು. ಒಬ್ಬರು ಜಾಸ್ತಿ ಜಾಣರು, ಇನ್ನೊಬ್ಬರು ಕಡಿಮೆ ಅಂತೇನಿಲ್ಲ. ಸರಣಿಗೆ ದುಡ್ಡು ಎಲ್ಲಿಂದ ಬರುತ್ತದೆ, ವರ್ಷಕ್ಕೆ ಎಷ್ಟು ಕಂತು ಮಾಡಬೇಕು ಅನ್ನುವುದರಲ್ಲೇ ಮುಕ್ಕಾಲು ಪಾಲು ವ್ಯತ್ಯಾಸ ಹುಟ್ಟುತ್ತದೆ.

ದುಡ್ಡು ಬರುವ ದಾರಿ

ಬಿಬಿಸಿ ನಡೆಯುವುದು ಮುಖ್ಯವಾಗಿ ಟಿವಿ ಇರುವ ಮನೆಯವರು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಬ್ರಿಟನ್ನಿನಲ್ಲಿ ಅದರಲ್ಲಿ ಜಾಹೀರಾತು ಬರುವುದಿಲ್ಲ. ಇರುವ ದುಡ್ಡು ಸ್ವಲ್ಪ, ಅದನ್ನು ಸುದ್ದಿ, ನಾಟಕ, ಮಕ್ಕಳ ಕಾರ್ಯಕ್ರಮ ಎಲ್ಲಕ್ಕೂ ಹಂಚಬೇಕು. ಹಾಗಾಗಿ ಅಲ್ಲಿ ಸರಣಿ ಅಂದರೆ ಎಷ್ಟೋ ಸಲ ಆರೇ ಕಂತು. ಆರು ಕಂತನ್ನು ಒಬ್ಬರೇ ಕೂತು ಬರೆಯಬಹುದು. ಅದಕ್ಕೇ ಬ್ರಿಟಿಷ್ ಸೈ-ಫೈ ಅಂದ ತಕ್ಷಣ ನೆನಪಿಗೆ ಬರುವುದು ಬರಹಗಾರರ ಹೆಸರು. ನೈಜೆಲ್ ನೀಲ್, ಟೆರಿ ನೇಷನ್, ರಸೆಲ್ ಟಿ ಡೇವಿಸ್, ಚಾರ್ಲಿ ಬ್ರೂಕರ್.

ಅಮೆರಿಕದ ದೊಡ್ಡ ಚಾನೆಲ್‌ಗಳು ಬದುಕಿದ್ದು ಜಾಹೀರಾತಿನಿಂದ. ವರ್ಷಕ್ಕೆ 22ರಿಂದ 26 ಕಂತು. ಅಷ್ಟನ್ನು ಒಬ್ಬರು ಬರೆಯುವುದು ಕಷ್ಟ, ಹಾಗಾಗಿ ಒಂದು ಕೋಣೆಯಲ್ಲಿ ಹಲವರು ಕೂತು ಕಥೆ ಕಟ್ಟುತ್ತಾರೆ. ಸುಮಾರು 100 ಕಂತು ಆದರೆ ಅದನ್ನು ಊರೂರಿನ ಚಾನೆಲ್‌ಗಳಿಗೆ ದಿನಾ ಮರುಪ್ರಸಾರ ಮಾಡಲು ಮಾರಬಹುದು, ನಿಜವಾದ ಲಾಭ ಅಲ್ಲಿತ್ತು. ಹೀಗಿರುವಾಗ ಕಥೆ ಮುಗಿಸುವ ಆತುರ ಯಾರಿಗೆ? ಕಂತಿನ ಮೊದಲು ಅಂತರಿಕ್ಷದ ಹಡಗು ಹೇಗಿತ್ತೋ ಕೊನೆಗೂ ಹಾಗೇ ಇರಬೇಕು, ಯಾಕೆಂದರೆ ಮರುಪ್ರಸಾರದಲ್ಲಿ ಯಾವುದನ್ನು ಯಾವಾಗ ಬೇಕಾದರೂ ಹಾಕಬಹುದು. ಜಾಹೀರಾತಿನ ಗುರುತು ಬರವಣಿಗೆಯ ಒಳಗೇ ಇದೆ. ಹಳೆಯ ಸರಣಿಯನ್ನು ಈಗ ಓಟಿಟಿಯಲ್ಲಿ ನೋಡಿದರೂ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹಡಗು ಅಲುಗಾಡುತ್ತದೆ, ಸಂಗೀತ ಏರುತ್ತದೆ, ಕ್ಯಾಪ್ಟನ್ ಮುಖ ದೊಡ್ಡದಾಗುತ್ತದೆ, ಪರದೆ ಕಪ್ಪಾಗುತ್ತದೆ. ಆಮೇಲೆ ನೋಡಿದರೆ ಅಂಥದ್ದೇನೂ ಆಗಿರುವುದಿಲ್ಲ.

ಈ ನಿಯಮಕ್ಕೆ ಹೊರತಾದವು ಎರಡೂ ಕಡೆ ಇವೆ. ಡಾಕ್ಟರ್ ಹೂ ತನ್ನ ಮೊದಲ ಸೀಸನ್ನಿನಲ್ಲೇ 42 ಕಂತು ಮಾಡಿತು. ಅಮೆರಿಕದ ಬ್ಯಾಬಿಲಾನ್ 5ರಲ್ಲಿ 110 ಕಂತುಗಳಿವೆ. ಐದು ವರ್ಷದ ಒಂದೇ ಕಥೆ ಅಂತ ಮೊದಲೇ ಯೋಚಿಸಿಟ್ಟಿದ್ದ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಅದರಲ್ಲಿ 92 ಕಂತನ್ನು ತಾವೇ ಬರೆದರು. ಆ ಕೈಗೆ ನೋವು ಬಂದಿರಲಿಲ್ಲವಾ ಅಂತ ನನಗೆ ಈಗಲೂ ಆಶ್ಚರ್ಯ.

ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಭರವಸೆ

1953ರ ಬೇಸಿಗೆಯಲ್ಲಿ ಬಿಬಿಸಿ 'ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಪ್ರಸಾರ ಮಾಡಿತು. ಬರೆದವರು ನೈಜೆಲ್ ನೀಲ್. ಆರು ಕಂತು, ಎಲ್ಲವೂ ಲೈವ್. ಬ್ರಿಟನ್ ಯುದ್ಧ ಗೆದ್ದು ಎಂಟು ವರ್ಷ ಕಳೆದಿತ್ತು, ಆದರೆ ಅಂಗಡಿಯಲ್ಲಿ ಮಾಂಸ ಇನ್ನೂ ರೇಷನ್ ಲೆಕ್ಕದಲ್ಲೇ ಸಿಗುತ್ತಿತ್ತು. ಕಥೆಯಲ್ಲಿ ಬ್ರಿಟಿಷ್ ರಾಕೆಟ್ ಮೂವರನ್ನು ಹೊತ್ತು ಮೇಲೆ ಹೋಗುತ್ತದೆ. ವಾಪಸ್ ಬಂದಾಗ ಒಳಗೆ ಒಬ್ಬನೇ ಇದ್ದಾನೆ, ಅವನೂ ಪೂರ್ತಿ ಮನುಷ್ಯನಾಗಿ ಉಳಿದಿಲ್ಲ. ಬಾಹ್ಯಾಕಾಶಕ್ಕೆ ಹೋದರೆ ಏನು ಸಿಗುತ್ತದೆ ಅನ್ನುವುದಕ್ಕಿಂತ, ಹೋದವರು ಏನನ್ನು ಮನೆಗೆ ತರುತ್ತಾರೆ ಅನ್ನುವ ಹೆದರಿಕೆ ಅದು. ಐದು ವರ್ಷದ ನಂತರ ಬಂದ 'ಕ್ವಾಟರ್‌ಮಾಸ್ ಅಂಡ್ ದ ಪಿಟ್' ಇನ್ನೂ ಚೆನ್ನಾಗಿದೆ. ಲಂಡನ್ನಿನಲ್ಲಿ ಕಟ್ಟಡಕ್ಕೆ ಪಾಯ ತೋಡುವಾಗ ಏನೋ ಸಿಗುತ್ತದೆ. ಸೈನ್ಯದವರು ಹಳೆಯ ಬಾಂಬ್ ಅಂದುಕೊಳ್ಳುತ್ತಾರೆ. ಇಷ್ಟೇ ಹೇಳುತ್ತೇನೆ, ಮಿಕ್ಕಿದ್ದು ನೀವೇ ನೋಡಿ.

ಸ್ಟಾರ್ ಟ್ರೆಕ್ ಶುರುವಾಗಿದ್ದು 1966ರಲ್ಲಿ, ಚಂದ್ರನ ಮೇಲೆ ಕಾಲಿಡುವ ಪೈಪೋಟಿ ಜೋರಾಗಿದ್ದಾಗ. ಅದರಲ್ಲಿ ಭೂಮಿಯವರು ಬಡತನ, ಜಾತಿಜಗಳ ಎಲ್ಲ ದಾಟಿ ಬಂದಿದ್ದಾರೆ. ಹಡಗು ನಡೆಸುವವರಲ್ಲಿ ಆಫ್ರಿಕನ್ ಮೂಲದ ಹೆಣ್ಣುಮಗಳಿದ್ದಾಳೆ, ಏಷ್ಯಾ ಮೂಲದವನಿದ್ದಾನೆ, ಎರಡನೇ ಸೀಸನ್ನಿಗೆ ರಷ್ಯಾದವನೂ ಬಂದ. ಶೀತಲ ಸಮರದ ಮಧ್ಯದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಗ್ರಹಗಳ ಒಕ್ಕೂಟ ಅನ್ನುವುದು ಒಳ್ಳೆಯ ಸರ್ಕಾರ.

ಈಗ ಟೆರಿ ನೇಷನ್ 1978ರಲ್ಲಿ ಶುರು ಮಾಡಿದ ಬ್ಲೇಕ್ಸ್ 7 ನೋಡಿ. ಅಲ್ಲೂ ಒಂದು ಒಕ್ಕೂಟ ಇದೆ. ಅದು ಜನರಿಗೆ ಮದ್ದು ಕೊಟ್ಟು ಸುಮ್ಮನಿರಿಸುತ್ತದೆ, ಎದುರು ಮಾತಾಡಿದವನ ಮೇಲೆ ಸುಳ್ಳು ಕೇಸು ಹಾಕಿ ಬೇರೆ ಗ್ರಹದ ಜೈಲಿಗೆ ಕಳಿಸುತ್ತದೆ. ಆ ಒಕ್ಕೂಟದ ಚಿಹ್ನೆ ಸ್ಟಾರ್ ಟ್ರೆಕ್ ಚಿಹ್ನೆಯನ್ನು ಪಕ್ಕಕ್ಕೆ ತಿರುಗಿಸಿದ ಹಾಗೇ ಕಾಣುತ್ತದೆ. ನಾಯಕರಲ್ಲಿ ಕಳ್ಳರಿದ್ದಾರೆ, ಕೊಲೆ ಮಾಡಿದವನಿದ್ದಾನೆ, ಒಬ್ಬರನ್ನೊಬ್ಬರು ನಂಬುವುದಿಲ್ಲ. ಸಂಭಾಷಣೆ ಮಾತ್ರ ಚೂರಿ ಹಾಗೆ.

ಸರ್ಕಾರದ ಮೇಲಿನ ಈ ಅನುಮಾನವೇ ನಗೆಯಾದಾಗ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಹುಟ್ಟುತ್ತದೆ. ಮೊದಲು ರೇಡಿಯೋದಲ್ಲಿ ಬಂದಿದ್ದು, 1981ರಲ್ಲಿ ಟಿವಿಗೆ ಬಂತು. ಅಂತರಿಕ್ಷದಲ್ಲಿ ಬೈಪಾಸ್ ರಸ್ತೆ ಹಾಕಲು ಭೂಮಿಯನ್ನೇ ಕೆಡವುತ್ತಾರೆ. ನೋಟಿಸ್ ಮೊದಲೇ ಹಾಕಿದ್ದೆವಲ್ಲ, ಆಕ್ಷೇಪಣೆ ಆಗಲೇ ಕೊಡಬೇಕಿತ್ತು ಅಂತಾರೆ. ತಾಲೂಕು ಕಚೇರಿಗೆ ಅಲೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಂತ ಕತ್ತಲೆಯೆಲ್ಲ ಬ್ರಿಟಿಷರದು, ಬೆಳಕೆಲ್ಲ ಅಮೆರಿಕನ್ನರದು ಅನ್ನುವ ಹಾಗಿಲ್ಲ. 2004ರಿಂದ 2009ರವರೆಗೆ ಬಂದ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಆ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮನುಷ್ಯರೇ ಮಾಡಿದ ಯಂತ್ರಗಳು ಮನುಷ್ಯಕುಲವನ್ನು ಬಹುತೇಕ ಅಳಿಸಿಹಾಕಿವೆ, ಉಳಿದ ಸುಮಾರು ಐವತ್ತು ಸಾವಿರ ಜನ ಹಡಗುಗಳಲ್ಲಿ ಓಡುತ್ತಿದ್ದಾರೆ. ಮೊದಲ ಸೀಸನ್ನಿನ ಮೊದಲ ಕಂತಿನ ಹೆಸರೇ 33. ಪ್ರತಿ 33 ನಿಮಿಷಕ್ಕೆ ವೈರಿ ಬರುತ್ತಾನೆ, ಯಾರಿಗೂ ನಿದ್ದೆಯಿಲ್ಲ. ಮೂರನೇ ಸೀಸನ್ ಬಂದಾಗ ಅಮೆರಿಕದ ಸೈನ್ಯ ಇರಾಕಿನಲ್ಲಿತ್ತು. ಆಗ ಈ ಸರಣಿಯಲ್ಲಿ ವೈರಿಯ ವಶವಾಗಿರುವವರು ಮನುಷ್ಯರು, ಆತ್ಮಾಹುತಿ ಬಾಂಬ್ ಕಟ್ಟಿಕೊಳ್ಳುವವರೂ ಮನುಷ್ಯರೇ, ನಮ್ಮ ಕಡೆಯವರೇ. 2009ರಲ್ಲಿ ಈ ಸರಣಿಯ ಬಗ್ಗೆ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಚರ್ಚೆಯೂ ನಡೆಯಿತು. ಅಂದಹಾಗೆ ಇದರ ಮೊದಲ ಸೀಸನ್ನಿಗೆ ಬ್ರಿಟನ್ನಿನ ಸ್ಕೈ ಒನ್ ಚಾನೆಲ್ ಕೂಡ ದುಡ್ಡು ಹಾಕಿತ್ತು. ಅಮೆರಿಕನ್ನರಿಗಿಂತ ಮೂರು ತಿಂಗಳು ಮೊದಲೇ ಬ್ರಿಟಿಷರು ಇದನ್ನು ನೋಡಿದರು.

ಸೆಟ್ ಅಲುಗಾಡುತ್ತದೆ, ನಿಜ

ಹಳೆಯ ಬ್ರಿಟಿಷ್ ಸರಣಿಗಳ ಮೇಲಿನ ದೊಡ್ಡ ದೂರು ಇದು. ದೂರು ನ್ಯಾಯವಾದದ್ದೇ. ಒಳಗಿನ ದೃಶ್ಯ ಸ್ಟುಡಿಯೋದಲ್ಲಿ ವಿಡಿಯೋ ಟೇಪಿನ ಮೇಲೆ, ಹೊರಗಿನದು 16 ಎಂಎಂ ಫಿಲ್ಮಿನ ಮೇಲೆ. ಪಾತ್ರ ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಚಿತ್ರದ ಬಣ್ಣವೇ ಬದಲಾಗುತ್ತದೆ. ಬೇರೆ ಗ್ರಹ ಅಂದರೆ ಇಂಗ್ಲೆಂಡಿನ ಯಾವುದೋ ಕಲ್ಲು ಕ್ವಾರಿ. ಆದರೆ ಅಮೆರಿಕನ್ನರೇನು ಕಮ್ಮಿ? ಲಾಸ್ ಏಂಜಲೀಸ್ ಹತ್ತಿರದ ವಾಸ್ಕೆಜ್ ಬಂಡೆಗಳಿಗೆ ಹೋಗಿ ಅದೇ ಕೆಲಸ ಮಾಡಿದರು. ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್ ರಬ್ಬರ್ ಹಲ್ಲಿಯ ಜೊತೆ ಕುಸ್ತಿ ಮಾಡಿದ್ದು ಅಲ್ಲೇ.

ಇನ್ನೂ ತಮಾಷೆ ಅಂದರೆ, ಎರಡೂ ದೇಶಗಳ ಅತಿ ಪ್ರಸಿದ್ಧ ಐಡಿಯಾಗಳು ಹುಟ್ಟಿದ್ದು ಜಿಪುಣತನದಿಂದ. ಪ್ರತಿ ವಾರ ಹಡಗು ಗ್ರಹಕ್ಕೆ ಇಳಿಯುವುದನ್ನು ತೋರಿಸಲು ಸ್ಟಾರ್ ಟ್ರೆಕ್‌ನವರ ಹತ್ತಿರ ದುಡ್ಡಿರಲಿಲ್ಲ. ಅದಕ್ಕೇ ನಿಂತಲ್ಲೇ ಮಾಯವಾಗಿ ಇನ್ನೊಂದು ಕಡೆ ಮೂಡುವ ಟ್ರಾನ್ಸ್‌ಪೋರ್ಟರ್ ಬಂತು. ಡಾಕ್ಟರ್ ಹೂನಲ್ಲಿ ಕಾಲದಲ್ಲಿ ಓಡಾಡಲು ಇರುವ ಟಾರ್ಡಿಸ್, ಹೋದಲ್ಲಿಗೆ ತಕ್ಕ ಹಾಗೆ ರೂಪ ಬದಲಿಸಬೇಕಾದ ಯಂತ್ರ. ಪ್ರತಿ ಕಥೆಗೂ ಹೊಸ ಸೆಟ್ ಯಾರು ಮಾಡುತ್ತಾರೆ? ಕೆಟ್ಟುಹೋಗಿ ರಸ್ತೆ ಬದಿಯ ನೀಲಿ ಪೊಲೀಸ್ ಫೋನ್ ಡಬ್ಬಿಯಾಗೇ ಉಳಿಯಿತು ಅಂತ ಕಥೆಯಲ್ಲೇ ಹೇಳಿಬಿಟ್ಟರು. 1966ರಲ್ಲಿ ಮೊದಲ ಡಾಕ್ಟರ್ ಆಗಿದ್ದ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, ಡಾಕ್ಟರ್ ಸಾಯುವ ಬದಲು ಹೊಸ ದೇಹ ಪಡೆಯುತ್ತಾನೆ ಅಂದರು. ಆ ಒಂದು ಉಪಾಯದಿಂದ ಸರಣಿ ಅರವತ್ತು ವರ್ಷ ದಾಟಿದೆ.

ಅಮೆರಿಕದ ದುಡ್ಡಿನಿಂದ ಆದ ಒಂದು ದೊಡ್ಡ ಉಪಕಾರ ಜನ ಮರೆಯುತ್ತಾರೆ. ಅವರು ಫಿಲ್ಮಿನ ಮೇಲೆ ತೆಗೆದರು, ಮತ್ತೆ ಮಾರಬೇಕಲ್ಲ ಅಂತ ಜೋಪಾನ ಮಾಡಿದರು. 1960ರ ದಶಕದ ಸ್ಟಾರ್ ಟ್ರೆಕ್‌ನ 79 ಕಂತೂ ಇವತ್ತು ಸಿಗುತ್ತವೆ. ಬಿಬಿಸಿ ಟೇಪ್ ದುಬಾರಿ ಅಂತ ಅಳಿಸಿ ಅಳಿಸಿ ಬಳಸಿತು. ಡಾಕ್ಟರ್ ಹೂನ ತೊಂಬತ್ತಕ್ಕೂ ಹೆಚ್ಚು ಹಳೆಯ ಕಂತುಗಳು ಇನ್ನೂ ಸಿಕ್ಕಿಲ್ಲ. ನಾನು ಮೇಲೆ ಅಷ್ಟು ಹೊಗಳಿದ ಮೊದಲ ಕ್ವಾಟರ್‌ಮಾಸ್‌ನಲ್ಲಿ ಉಳಿದಿರುವುದು ಎರಡೇ ಕಂತು. ಹಾಗಾಗಿ ಆ ಸಾಲಿನಲ್ಲಿ ಪೂರ್ತಿ ನೋಡಬೇಕಾದರೆ 'ದ ಪಿಟ್'ಗೆ ಹೋಗಿ.

ಈಗಿನ ಕಾಲಕ್ಕೆ ಬಂದರೆ ಗ್ರಾಫಿಕ್ಸ್ ವಿಷಯದಲ್ಲಿ ಅಮೆರಿಕ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ಸರಿಯಿರಬೇಕು ಅನ್ನುವ ಎಂಜಿನಿಯರ್ ಸ್ವಭಾವದವರಿಗೆ ದಿ ಎಕ್ಸ್‌ಪ್ಯಾನ್ಸ್ ಇದೆ. ಅಲ್ಲಿ ಹಡಗುಗಳು ಅರ್ಧ ದಾರಿ ವೇಗ ಹೆಚ್ಚಿಸುತ್ತ ಹೋಗಿ, ತಿರುಗಿ ನಿಂತು, ಉಳಿದರ್ಧ ವೇಗ ಇಳಿಸುತ್ತ ಬರುತ್ತವೆ. ಹಡಗಿನ ಒಳಗೆ ಭಾರ ಹುಟ್ಟುವುದೇ ಎಂಜಿನ್ನಿನ ಒತ್ತಡದಿಂದ. ಅದರ ಮುಖ್ಯಸ್ಥರಲ್ಲೊಬ್ಬರಾದ ನರೇನ್ ಶಂಕರ್ ಭಾರತೀಯ ಮೂಲದವರು, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಸೀರೆಯುಟ್ಟು, ಬಾಯಿಗೆ ಬಂದಂತೆ ಬೈಯುತ್ತ ಭೂಮಿಯ ರಾಜಕೀಯ ನಡೆಸುವ ಅವಸರಾಲ ಅನ್ನುವ ಹೆಂಗಸಿನ ಪಾತ್ರ ನಮ್ಮವರಿಗೆ ಹಿಡಿಸದೆ ಇರುವುದಿಲ್ಲ.

ಒಂದೇ ಸರಣಿ, ಎರಡು ದೇಶ

ವಾದ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಟಾರ್ಚ್‌ವುಡ್ ಅನ್ನುವುದು ಡಾಕ್ಟರ್ ಹೂ ಲೋಕದಿಂದ ಹುಟ್ಟಿದ, ರಸೆಲ್ ಟಿ ಡೇವಿಸ್ ಕಟ್ಟಿದ ದೊಡ್ಡವರ ಸರಣಿ. 2009ರಲ್ಲಿ ಅದರ ಮೂರನೇ ಭಾಗ 'ಚಿಲ್ಡ್ರನ್ ಆಫ್ ಅರ್ಥ್' ಸೋಮವಾರದಿಂದ ಶುಕ್ರವಾರ, ಐದು ರಾತ್ರಿ ಐದು ಕಂತಾಗಿ ಬಂತು. ಹೊರಗಿನ ಜೀವಿಗಳು ಬಂದು ಭೂಮಿಯ ಮಕ್ಕಳಲ್ಲಿ ಶೇಕಡಾ 10ರಷ್ಟು ಕೊಡಿ ಅನ್ನುತ್ತವೆ. ಸರ್ಕಾರ ಹೋರಾಡುವುದಿಲ್ಲ, ಮೀಟಿಂಗ್ ಕರೆಯುತ್ತದೆ. ಮೇಜಿನ ಸುತ್ತ ಸೂಟು ಹಾಕಿದವರು ಕೂತು, ಯಾವ ಮಕ್ಕಳನ್ನು ಕೊಡುವುದು ಅಂತ ಚರ್ಚಿಸುತ್ತಾರೆ. ಯಾರೂ ಕಿರುಚುವುದಿಲ್ಲ. ಕೊನೆಗೆ ಫಲಿತಾಂಶ ಕಳಪೆ ಇರುವ ಶಾಲೆಗಳ ಪಟ್ಟಿ ತರಿಸುತ್ತಾರೆ. ರಾಕ್ಷಸನನ್ನು ಸರಿಯಾಗಿ ತೋರಿಸದೆಯೇ ಇಷ್ಟು ಹೆದರಿಸಿದ ಟಿವಿ ನನಗೆ ಬೇರೆ ಗೊತ್ತಿಲ್ಲ.

ಎರಡು ವರ್ಷ ಆದಮೇಲೆ ಅದೇ ರಸೆಲ್ ಟಿ ಡೇವಿಸ್, ಅದೇ ಮುಖ್ಯ ಪಾತ್ರಗಳು, ಅಮೆರಿಕದ ಸ್ಟಾರ್ಜ್ ಚಾನೆಲ್ಲಿನ ದುಡ್ಡು. 'ಮಿರಾಕಲ್ ಡೇ'. ಒಂದು ದಿನ ಜಗತ್ತಿನಲ್ಲಿ ಯಾರೂ ಸಾಯುವುದೇ ಇಲ್ಲ. ನರಳುತ್ತಾರೆ, ಸುಟ್ಟುಹೋಗುತ್ತಾರೆ, ಆದರೆ ಸಾಯುವುದಿಲ್ಲ. ಐಡಿಯಾ ಮೊದಲನೆಯದಕ್ಕಿಂತ ದೊಡ್ಡದು. ಆದರೆ ಹತ್ತು ಕಂತು. ನಾಲ್ಕನೆಯದರ ಹೊತ್ತಿಗೆ ಕಥೆ ತೆಳ್ಳಗಾಗಿ ನೀರು ಸಾರಾಗುತ್ತದೆ. ಕಾರು ಅಟ್ಟಿಸಿಕೊಂಡು ಹೋಗುತ್ತದೆ, ಹೆಲಿಕಾಪ್ಟರ್ ಬರುತ್ತದೆ, ನಾವು ಗಡಿಯಾರ ನೋಡುತ್ತೇವೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಉದ್ದ ಕೆಲವು ಕಥೆಗಳನ್ನು ಬೆಳೆಸುತ್ತದೆ, ಕೆಲವನ್ನು ಕೊಲ್ಲುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಉದ್ದ ಬೆಳೆಸಿದ್ದಕ್ಕೆ ಉದಾಹರಣೆ ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್. 178 ಕಂತು. ಮೊದಲ ಸೀಸನ್ ಕಷ್ಟಪಟ್ಟು ನೋಡಬೇಕು, ಮೂರನೆಯದರಿಂದ ಕೈ ಕುದುರುತ್ತದೆ. ಆರೇ ಕಂತಿನ ಬ್ರಿಟಿಷ್ ಸರಣಿಯಾಗಿದ್ದರೆ ಅದು ಕುದುರುವ ಮೊದಲೇ ಮುಗಿದಿರುತ್ತಿತ್ತು. ಐದನೇ ಸೀಸನ್ನಿನ 'ದಿ ಇನ್ನರ್ ಲೈಟ್' ಕಂತಿನಲ್ಲಿ ಕ್ಯಾಪ್ಟನ್ ಪಿಕಾರ್ಡ್ ಒಂದು ಪೂರ್ತಿ ಬದುಕನ್ನು ಇನ್ನೊಬ್ಬನಾಗಿ ಬದುಕುತ್ತಾನೆ. ಅಷ್ಟು ವರ್ಷ ಆ ಮನುಷ್ಯನ ಜೊತೆ ಕಳೆದಿರುವುದರಿಂದಲೇ ಅದು ಎದೆಗೆ ತಾಗುವುದು. ಸುಮ್ನೆ ಅದೊಂದನ್ನೇ ನೋಡಿದರೆ ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೇ.

ಮುಗಿಸುವ ಕಲೆ

ಇದರಲ್ಲಿ ನನ್ನ ಓಟು ಬ್ರಿಟನ್ನಿಗೆ. ಬ್ಲೇಕ್ಸ್ 7ರ ಕೊನೆಯ ಕಂತು 1981ರ ಕ್ರಿಸ್‌ಮಸ್‌ಗೆ ನಾಲ್ಕು ದಿನ ಮುಂಚೆ ಬಂತು. ಹಬ್ಬದ ವಾರದಲ್ಲಿ ಅಂಥ ಕರಾಳ ಕೊನೆಯನ್ನು ತೋರಿಸುವ ಧೈರ್ಯ ಯಾರಿಗಿದೆ? ಅಮೆರಿಕದಲ್ಲಿ ಬ್ಯಾಟಲ್‌ಸ್ಟಾರ್ ಕೊನೆಯ ಬಗ್ಗೆ ಇವತ್ತಿಗೂ ಜಗಳ, ಲಾಸ್ಟ್ ಸರಣಿಯ ಕೊನೆಯ ಬಗ್ಗೆ ಕೇಳಲೇಬೇಡಿ. ದಿ ಎಕ್ಸ್-ಫೈಲ್ಸ್ ತನ್ನ ದೊಡ್ಡ ಗುಟ್ಟನ್ನು ಎಳೆದೆಳೆದು ತನಗೇ ಗೊತ್ತಿಲ್ಲದ ಹಾಗಾಯಿತು. ಅದರ ಬಿಡಿ ಕಂತುಗಳೇ ಚೆಂದ. ಫೈರ್‌ಫ್ಲೈಗಂತೂ ಮುಗಿಯುವ ಭಾಗ್ಯವೇ ಬರಲಿಲ್ಲ. 2002ರಲ್ಲಿ ಫಾಕ್ಸ್ ಚಾನೆಲ್ ಕಂತುಗಳನ್ನು ಹಿಂದುಮುಂದಾಗಿ ಹಾಕಿತು. ತೆಗೆದಿದ್ದ 14ರಲ್ಲಿ 11 ತೋರಿಸಿ ನಿಲ್ಲಿಸಿಬಿಟ್ಟಿತು.

ರೀಮೇಕ್ ವಿಷಯ ಬೇಗ ಮುಗಿಸುತ್ತೇನೆ. ಬ್ರಿಟಿಷ್ ಮೂಲ ಇದ್ದರೆ ಮೂಲವನ್ನೇ ನೋಡಿ. 'ಲೈಫ್ ಆನ್ ಮಾರ್ಸ್'ನಲ್ಲಿ 2006ರ ಮ್ಯಾಂಚೆಸ್ಟರ್ ಪೊಲೀಸನೊಬ್ಬ ಕಾರಿಗೆ ಸಿಕ್ಕಿ 1973ರಲ್ಲಿ ಕಣ್ಣು ಬಿಡುತ್ತಾನೆ. ಎರಡು ಸೀಸನ್, 16 ಕಂತು, ಮುಗಿಯಿತು. ಅಮೆರಿಕನ್ನರು ಅದನ್ನು ಮತ್ತೆ ಮಾಡಿದಾಗ ಕೊನೆಯ ಕಂತಿನಲ್ಲಿ ಶೀರ್ಷಿಕೆಯನ್ನು ಅಕ್ಷರಶಃ ತೆಗೆದುಕೊಂಡುಬಿಟ್ಟರು. ಹಣೆ ಚಚ್ಚಿಕೊಳ್ಳುವ ಹಾಗಿದೆ.

ಹಾಗಾದರೆ ಯಾವುದನ್ನು ಹಿಡಿಯುವುದು

ವಾರಕ್ಕೆ ಎರಡು ಗಂಟೆ ಮಾತ್ರ ಬಿಡುವು ಇರುವವರು ಬ್ರಿಟನ್ನಿಗೇ ಹೋಗಿ. 'ಇಯರ್ಸ್ ಅಂಡ್ ಇಯರ್ಸ್' ಆರು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಕುಟುಂಬ, ಅವರ ಮುಂದಿನ ಹದಿನೈದು ವರ್ಷ, ಕೆಡುತ್ತ ಹೋಗುವ ಜಗತ್ತು. ಕಂತಿಗೊಂದು ಬೇರೆ ಕಥೆ ಇರುವ, ಚಾರ್ಲಿ ಬ್ರೂಕರ್ ಅವರ ಬ್ಲ್ಯಾಕ್ ಮಿರರ್‌ನ ಮೊದಲ ಎರಡು ಸೀಸನ್‌ಗಳಲ್ಲಿ ತಲಾ ಮೂರೇ ಕಂತು. ಆದರೆ ಮೊಟ್ಟಮೊದಲ ಕಂತನ್ನು ಅಪ್ಪ ಅಮ್ಮನ ಜೊತೆ ಕೂತು ಹಾಕಬೇಡಿ, ಮೂರನೆಯದರಿಂದ ಶುರು ಮಾಡಿ. 2016ರಲ್ಲಿ ಅದು ಚಾನೆಲ್ 4 ಬಿಟ್ಟು ನೆಟ್‌ಫ್ಲಿಕ್ಸ್‌ಗೆ ಹೋದಮೇಲೆ ಮೊನಚು ಕಡಿಮೆಯಾಯಿತು ಅನ್ನುವುದು ನನ್ನ ಅನಿಸಿಕೆ. ಆದರೂ ನೆಟ್‌ಫ್ಲಿಕ್ಸ್ ಕಾಲದ 'ಸ್ಯಾನ್ ಹುನಿಪೆರೋ' ಅಷ್ಟೂ ಕಂತುಗಳಲ್ಲಿ ಮೃದುವಾದದ್ದು, ಅದನ್ನು ಬಿಡಬೇಡಿ.

ದಿನಾ ಊಟವಾದಮೇಲೆ ಒಂದು ಕಂತು ಅನ್ನುವವರಿಗೆ ಅಮೆರಿಕ. ನೆಕ್ಸ್ಟ್ ಜನರೇಷನ್ ಪೂರ್ತಿ ನೋಡಲು ಸುಮಾರು 130 ಗಂಟೆ ಬೇಕು, ದಿನಕ್ಕೊಂದು ಗಂಟೆಯಾದರೆ ನಾಲ್ಕು ತಿಂಗಳಿಗೂ ಮೇಲೆ. ಅಷ್ಟು ಆಗಲ್ಲ ಅಂದರೆ ಎಕ್ಸ್‌ಪ್ಯಾನ್ಸ್, 62 ಕಂತು. ಅದರ ಮೊದಲ ನಾಲ್ಕು ಕಂತು ಗೋಜಲು, ತಾಳ್ಮೆ ಇರಲಿ.

ಮಕ್ಕಳ ಜೊತೆ ನೋಡಲು ಡಾಕ್ಟರ್ ಹೂಗಿಂತ ಒಳ್ಳೆಯದು ಎರಡೂ ಕಡೆ ಇಲ್ಲ. 1963ರಿಂದ ಶುರು ಮಾಡಬೇಕಿಲ್ಲ, 2005ರಿಂದ ಹಿಡಿಯಿರಿ. ಆದರೆ 1963ರ ಆ ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌನಲ್ಲಿ ಹುಟ್ಟಿದ ವಾರಿಸ್ ಹುಸೇನ್ ಅಂತ ಗೊತ್ತಿರಲಿ. 2018ರ 'ಡೀಮನ್ಸ್ ಆಫ್ ದ ಪಂಜಾಬ್' ಕಂತು ದೇಶ ವಿಭಜನೆಯ ದಿನಗಳಿಗೇ ಹೋಗುತ್ತದೆ. ಹಳೆಯ ಕಂತುಗಳನ್ನು ನೋಡುವುದಾದರೆ ಒಂದೇ ಸಲ ನಾಲ್ಕೈದು ಹಾಕಬೇಡಿ. ವಾರಕ್ಕೊಂದು ಅಂತ 25 ನಿಮಿಷಕ್ಕೆ ಮಾಡಿದ್ದು, ಒಟ್ಟಿಗೆ ನೋಡಿದರೆ ಬರೀ ಓಣಿಯಲ್ಲಿ ಓಡುವುದೇ ಕಾಣುತ್ತದೆ.

ಇನ್ನು ಸ್ಟಾರ್ ವಾರ್ಸ್ ಲೋಕದ ಸರಣಿ ಆಂಡರ್ ಯಾವ ಕಡೆಗೆ? ಕಥೆ ಕಟ್ಟಿದವರು ಅಮೆರಿಕನ್ ಟೋನಿ ಗಿಲ್ರಾಯ್, ದುಡ್ಡು ಡಿಸ್ನಿಯದು. ಚಿತ್ರೀಕರಣ ಹೆಚ್ಚಾಗಿ ಬ್ರಿಟನ್ನಿನಲ್ಲಿ, ನಟರಲ್ಲಿ ಬಹುಪಾಲು ಬ್ರಿಟಿಷರು. ಎರಡೇ ಸೀಸನ್, 24 ಕಂತು, ಸರಿಯಾದ ಕೊನೆ. ಮೀಟಿಂಗ್ ಕೋಣೆಯ ಕ್ರೌರ್ಯ ಬ್ರಿಟಿಷರದ್ದು, ಅಂತರಿಕ್ಷದ ವೈಭವ ಅಮೆರಿಕದ್ದು. ಇದನ್ನು ಎರಡೂ ಪಕ್ಷದವರು ತಮ್ಮದು ಅಂತಾರೆ, ಅನ್ನಲಿ ಬಿಡಿ.

ಯಾವುದು ಯಾವ ಓಟಿಟಿಯಲ್ಲಿದೆ ಅಂತ ಬರೆದರೆ ಮುಂದಿನ ತಿಂಗಳಿಗೇ ಸುಳ್ಳಾಗುತ್ತದೆ, ಹುಡುಕಿಕೊಳ್ಳಿ. ಬ್ರಿಟಿಷ್ ಸರಣಿಗೆ ಸಬ್‌ಟೈಟಲ್ ಹಾಕಿಕೊಂಡೇ ಕೂರಿ. ಅಮೆರಿಕನ್ ಇಂಗ್ಲಿಷ್ ಕೇಳಿ ಬೆಳೆದ ಕಿವಿಗೆ ಉತ್ತರ ಇಂಗ್ಲೆಂಡಿನ ಮಾತು ತಕ್ಷಣ ಹಿಡಿಯುವುದಿಲ್ಲ. 2005ರ ಡಾಕ್ಟರ್ ಆಗಿದ್ದ ಕ್ರಿಸ್ಟೊಫರ್ ಎಕಲ್‌ಸ್ಟನ್ ಆ ಕಡೆಯವರೇ. ಬೇರೆ ಗ್ರಹದವನಾದರೆ ಉತ್ತರದವರ ಹಾಗೆ ಯಾಕೆ ಮಾತಾಡ್ತೀಯ ಅಂತ ಹುಡುಗಿ ಕೇಳಿದ್ದಕ್ಕೆ, ಎಷ್ಟೋ ಗ್ರಹಗಳಿಗೂ ಉತ್ತರ ಅಂತ ಇರುತ್ತದೆ ಅನ್ನುತ್ತಾನೆ.